ಗಣಪತಿಯ ಬೆನ್ನಿಗಿದ್ದ ಪಾಲೆಯ ಗೆಲ್ಲು

ಪ್ರೀತಿಯ ತಮ್ಮಲೆಯವರಿಗೆ ಗುಲಾಬಿ ಮಾಡುವ ನಮಸ್ಕಾರಗಳು.

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೆಟ್ಟದ್ದು. ಐದನೇ ಕ್ಲಾಸು ಬಿಟ್ಟ ಮೇಲೆ ಈ ಕೈ ಪೆನ್ಸಿಲು ಹಿಡಿದದ್ದಕ್ಕಿಂತ ಬೀಡಿ ಎಲೆಯ ಕತ್ತರಿ ಹಿಡಿದದ್ದೇ ಹೆಚ್ಚು. ಒತ್ತಕ್ಷರಗಳನ್ನು ಎಲ್ಲಿ ಬಿಟ್ಟೆನೋ, ಎಲ್ಲಿ ಹೆಚ್ಚು ಹಾಕಿದೆನೋ, ನೀವೇ ತಿದ್ದಿಕೊಂಡು ಓದಬೇಕು. ಮನೆಯಲ್ಲಿ ನಾವು ಮಾತಾಡಿದ್ದೆಲ್ಲ ತುಳು, ಕಾಗದ ಬರೆಯಲು ಶಾಲೆಯಲ್ಲಿ ಕಲಿಸಿದ್ದು ಕನ್ನಡ. ಅಮ್ಮನ ಅಣ್ಣನಿಗೆ ಬರೆಯುವಾಗ ‘ತೀರ್ಥರೂಪು ಮಾವನವರಿಗೆ’ ಎಂದು ಹಾಕಬೇಕಂತೆ. ಹಾಗೆ ಬರೆದು ನೋಡಿದೆ. ಬೇರೆ ಯಾರದೋ ಮಾವನಿಗೆ ಬರೆದ ಹಾಗೆ ಕಂಡಿತು. ಹೊಡೆದು ಹಾಕಿ, ನಮ್ಮ ತುಳುವಿನ ‘ತಮ್ಮಲೆ’ಯೇ ಇರಲಿ ಎಂದುಕೊಂಡೆ.

ಇವತ್ತು ಆಟಿ ತಿಂಗಳ ಅಮಾವಾಸ್ಯೆ. ನೀವು ಹೋದ ಮೇಲೆ ಬಂದ ಮೊದಲನೆಯದು. ಅಮ್ಮ ಮೆಂತ್ಯದ ಗಂಜಿ ಉಂಡು ಮಲಗಿದ್ದಾರೆ, ಹೊರಗೆ ಮಳೆ ಸ್ವಲ್ಪ ಬಿಟ್ಟಿದೆ. ಜ್ವರ ಬಾರದಿರಲಿ ಎಂದು ನಮ್ಮ ನಾಲ್ಕು ಮನೆಯವರು ವರ್ಷಕ್ಕೊಮ್ಮೆ ಕುಡಿಯುವ ಪಾಲೆ ಮರದ ತೊಗಟೆಯ ಕಷಾಯ ಈ ಸಲ ನಿಂತೇ ಹೋಗುವುದರಲ್ಲಿತ್ತು. ನಿಂತಿದ್ದರೂ ಆಗುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಆಗುವುದರಲ್ಲಿತ್ತು... ಆದರೆ ಅದನ್ನು ಹೇಳಬೇಕಾದರೆ ನಿಮ್ಮ ಆ ಚಿತ್ರದಿಂದಲೇ ಶುರು ಮಾಡಬೇಕು.

ಆ ದಿನ ನಿಮಗೆ ನೆನಪುಂಟಲ್ಲ? ನನಗೆ ಒಂಬತ್ತು ವರ್ಷ. ತೋಡಾರಿನಿಂದ ನಿಮ್ಮ ಜೊತೆ ನಡೆದು ಮೂಡಬಿದ್ರೆಯ ಪೇಟೆಗೆ ಬಂದಿದ್ದೆ. ಫೋಟೋಗಳಿಗೆ ಕಟ್ಟು ಹಾಕುವ ನಿಮ್ಮ ಅಂಗಡಿ ಎಂದರೆ ಒಂದು ಬಾಗಿಲಿನ ಅಗಲ ಅಷ್ಟೆ. ಒಳಗೆ ನೀವು, ನಿಮ್ಮ ಗಾಜು, ಗೋಡೆ ತುಂಬಾ ದೇವರುಗಳು. ನಾರಾವಿ ಕಡೆಯ ಒಬ್ಬ ಅಜ್ಜ ಹಳೆಯ ಗಣಪತಿಯ ಪಟ ತಂದಿದ್ದರು. ಗಾಜು ಒಡೆದಿತ್ತು, ಚೌಕಟ್ಟನ್ನು ಗೆದ್ದಲು ತಿಂದಿತ್ತು. ನೀವು ಒಂದೊಂದೇ ಮೊಳೆ ಕಿತ್ತು ಗೆರಟೆಗೆ ಹಾಕಿದಿರಿ. ಹಿಂಬದಿಗೆ ಹಲಗೆ ಇರಲಿಲ್ಲ. ಹಲಗೆಯ ಬದಲು ಯಾರೋ ಒಂದು ದಪ್ಪ ಕಾಗದವನ್ನು ಮಡಚಿ ಇಟ್ಟಿದ್ದರು. ಅದನ್ನು ಬಿಡಿಸಿ ಬಟ್ಟೆಯಲ್ಲಿ ಒರೆಸಿದಿರಿ. ಆಮೇಲೆ ನಿಮ್ಮ ಕೈ ನಿಂತಿತು.

“ಅದೆಂತದು, ಹಳೇ ಕಾಗದ. ಬಿಸಾಡಿ ಮಾರಾಯ್ರೆ, ಒಳ್ಳೆ ಹಲಗೆ ಹಾಕಿ ಕೊಡಿ,” ಎಂದರು ಅಜ್ಜ.

“ಬಿಸಾಡುದಾದ್ರೆ ನಾನು ಇಟ್ಟುಕೊಳ್ತೇನೆ, ಆಗದಾ?”

“ನಿಮಗೆಂತಕ್ಕೆ ಅದು?”

“ನೋಡ್ಲಿಕ್ಕೆ.”

ಅಜ್ಜ ನಕ್ಕರು. ನನಗೂ ನಗು ಬಂತು. ಕಾಗದದಲ್ಲಿದ್ದದ್ದು ಪಾಲೆಯ ಚಿತ್ರ. ಮನೆಯ ಹಿಂದೆಯೇ ನಿಂತಿರುವ ಮರವನ್ನು ಕಾಗದದಲ್ಲಿ ನೋಡುವುದೆಂತಕ್ಕೆ? ಆದರೆ ನೀವು ಬಾಗಿಲ ಬೆಳಕಿಗೆ ಹಿಡಿದಾಗ ನಾನೂ ಸರಿಯಾಗಿ ನೋಡಿದೆ. ಪಾಲೆಯ ಒಂದು ಗೆಲ್ಲು. ಕೂದಲಿನಷ್ಟು ತೆಳುವಾದ ಕಪ್ಪು ಗೆರೆ, ಅದರ ಮೇಲೆ ತೆಳ್ಳಗೆ ಹಚ್ಚಿದ ಹಸಿರು. ಎಲೆಗಳು ಕೈ ಅಗಲಿಸಿದ ಹಾಗೆ ಸುತ್ತಲೂ ಬಿಡಿಸಿಕೊಂಡಿವೆ. ನಡುವೆ ಹೂವಿನ ಗೊಂಚಲು. ಅಲಸಂಡೆಗಿಂತಲೂ ಸಪೂರದ ಎರಡೆರಡು ಕೋಡು ಜೋಡಿಯಾಗಿ ಇಳಿಬಿದ್ದಿವೆ. ಮೂಲೆಯಲ್ಲಿ ಒಂದು ತುಂಡು ತೊಗಟೆ, ಅದರ ಅಂಚಿನಲ್ಲಿ ಹಾಲಿನ ಮೂರು ಹನಿ. ಕೆಳಗೆ ನಮಗೆ ಓದಲು ಬಾರದ ಊರಿನ ಅಕ್ಷರದಲ್ಲಿ ಒಂದು ಸಾಲು. ಎಷ್ಟೋ ತಿಂಗಳ ಮೇಲೆ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಲು ಬಂದ ಡಾಕ್ಟರೊಬ್ಬರು ಅದನ್ನು ಕಷ್ಟಪಟ್ಟು ಓದಿ, ಇದರ ತೊಗಟೆ ಜ್ವರಕ್ಕೆ ಮದ್ದು ಎಂದು ಬರೆದಿದೆ ಎಂದರು. ನೀವು ಎಷ್ಟು ನಕ್ಕಿರಿ! “ನಮ್ಮ ಜ್ವರದ ಮದ್ದು ಎಷ್ಟು ದೂರ ತಿರುಗಿ ಬಂದಿದೆ ನೋಡು ಗುಲಾಬಿ. ಅದೂ ಗಣಪತಿಯ ಬೆನ್ನ ಹಿಂದೆ ಅಡಗಿಕೊಂಡು.”

ಲಕ್ಷ್ಮಿಗೂ ಗಣಪತಿಗೂ ನಡುವೆ ಅದನ್ನು ನೇತು ಹಾಕಿದಿರಿ. ಬಂದವರು ಎಲ್ಲ ದೇವರಿಗೂ ಕೈ ಮುಗಿಯುತ್ತಾ ಬಂದು ಅದಕ್ಕೂ ಮುಗಿದು, ಆಮೇಲೆ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು, “ಇದು ಯಾವ ದೇವರು?” ನೀವು ನಗದೆ ಹೇಳುತ್ತಿದ್ದಿರಿ, “ಜ್ವರ ಬಿಡಿಸುವ ದೇವರು. ಹರಕೆ ಬೇಡ, ಆಟಿಯಲ್ಲಿ ಒಂದು ಲೋಟ ಕಹಿ ಕುಡಿದರೆ ಸಾಕು.”

ಒಂದು ಆದಿತ್ಯವಾರ ಆ ಚಿತ್ರವನ್ನು ಮನೆಗೆ ತಂದು, ನನ್ನನ್ನು ಹಿಂದಿನ ಪಾಲೆ ಮರದ ಬುಡಕ್ಕೆ ಕರೆದುಕೊಂಡು ಹೋದಿರಿ. “ಒಂದು ಸುತ್ತಿಗೆ ಎಷ್ಟು ಎಲೆ ಉಂಟು, ಲೆಕ್ಕ ಮಾಡು” ಎಂದಿರಿ. ಮರದಲ್ಲಿ ಏಳು. ಚಿತ್ರದಲ್ಲಿ ಒಂದು ಸುತ್ತಿಗೆ ಏಳು, ಇನ್ನೊಂದಕ್ಕೆ ಐದೇ. ಬರೆದವನು ತಪ್ಪಿದ್ದಾನೆ ಎಂದು ನಾನು ದೊಡ್ಡ ಪಂಡಿತಳ ಹಾಗೆ ಹೇಳಿದೆ. ನೀವು ಸುಮ್ಮನೆ ಒಂದು ಗೆಲ್ಲು ಬಗ್ಗಿಸಿ ತೋರಿಸಿದಿರಿ. ಅಲ್ಲಿ ಐದು. ಪಕ್ಕದಲ್ಲಿ ಆರು. ಚಿತ್ರದ ಒಂದು ಎಲೆಯ ಅಂಚಿನಲ್ಲಿ ಹುಳ ತಿಂದ ಗುರುತನ್ನೂ ಆತ ಬಿಟ್ಟಿರಲಿಲ್ಲ. “ಚಂದ ಕಾಣಲಿ ಅಂತ ಇವ ಎಲೆ ಸರಿ ಮಾಡ್ಲಿಲ್ಲ. ಕಂಡದ್ದನ್ನು ಹಾಕಿದ. ಇವನ ಮಾತು ನಂಬಬಹುದು.” ಯಾವ ದೇಶದವನೋ, ಯಾವ ಕಾಲದವನೋ, ಹೆಸರೇ ಗೊತ್ತಿಲ್ಲದ ಆ ಮನುಷ್ಯನ ಬಗ್ಗೆ ನೀವು ನೆರೆಮನೆಯವನ ಬಗ್ಗೆ ಹೇಳಿದ ಹಾಗೆ ಹೇಳಿದಿರಿ. ನಾನು ಯಾರನ್ನು ಹೆಚ್ಚು ಮೆಚ್ಚಿಕೊಂಡೆನೋ ಗೊತ್ತಿಲ್ಲ, ಅವನನ್ನೋ ನಿಮ್ಮನ್ನೋ. ಒಂದನೇ ಕ್ಲಾಸನ್ನೂ ಮುಗಿಸದವರು ಒಂದು ಕಾಗದವನ್ನು ಹಾಗೆ ಓದುವುದನ್ನು ನಾನು ಬೇರೆಲ್ಲೂ ನೋಡಲಿಲ್ಲ.

ನೆರೆಮನೆಯ ಐತಣ್ಣ ತಪ್ಪಿದ ಆ ವರ್ಷದ ಸಂಗತಿಯನ್ನು ನಾನು ಬರೆಯುತ್ತಿರಲಿಲ್ಲ. ಯಾರಿಗೂ ಹೇಳಬಾರದು ಎಂದಿದ್ದಿರಿ. ಈಗ ಏಕೆ ಬರೆಯುತ್ತಿದ್ದೇನೆಂದು ಮುಂದೆ ಹೇಳುತ್ತೇನೆ. ನಾಲ್ಕು ಮನೆಗೂ ತೊಗಟೆ ತರುವುದು ಐತಣ್ಣನ ಕೆಲಸ, ಕಷಾಯ ಮಾಡುವುದು ಅಮ್ಮನ ಕೆಲಸ. ಬೆಳಕು ಹರಿಯುವ ಮೊದಲು ಹೋಗಬೇಕು, ದೀಪ ಒಯ್ಯಬಾರದು, ಮಾತಾಡಬಾರದು, ಕತ್ತಿ ತಾಗಿಸಬಾರದು, ಕಲ್ಲಿನಲ್ಲೇ ಕೆತ್ತಬೇಕು. ಹಾಗಾಗಿ ಮುಂಚಿನ ದಿನವೇ ಹಗಲಲ್ಲಿ ಮರ ನೋಡಿ ಸುತ್ತ ನೂಲು ಕಟ್ಟಿ ಬರುವುದು ಪದ್ಧತಿ. ಆ ಬೆಳಿಗ್ಗೆ ಐತಣ್ಣ ಮಳೆಯಲ್ಲಿ ತೊಯ್ದು, ಅಡಿಕೆ ಹಾಳೆಯಲ್ಲಿ ತೊಗಟೆ ತಂದು ಜಗಲಿಯಲ್ಲಿಟ್ಟರು. ಅಮ್ಮ ಜಜ್ಜಲು ಕಲ್ಲು ಎತ್ತಿದ್ದರು. ನೀವು ಒಂದು ತುಂಡನ್ನು ದೀಪಕ್ಕೆ ತಿರುಗಿಸಿದಿರಿ. ಹಾಲಿಲ್ಲ. ಒಳಗೆ ಹಳದಿ.

“ಐತಾ, ಇದು ಯಾವ ಮರದ್ದು?”

“ಎಂತ ಅಣ್ಣ, ನಿನ್ನೆ ನೂಲು ಕಟ್ಟಿದ್ದರದ್ದೇ. ಕೈಯಲ್ಲಿ ಮುಟ್ಟಿ ನೋಡಿಯೇ ಕೆತ್ತಿದ್ದು.”

“ನೂಲು ಎಷ್ಟು ದಪ್ಪ ಇತ್ತು?”

ಐತಣ್ಣ ಯೋಚನೆ ಮಾಡಿದರು. “ಸ್ವಲ್ಪ... ದಪ್ಪವೇ ಇತ್ತು.”

“ಆಡಿನ ವಾಸನೆ ಬರ್ತಿತ್ತಾ?”

ಬೆಳಕಾದ ಮೇಲೆ ಹೋಗಿ ನೋಡಿದೆವು. ಪಾಲೆಯ ನೂಲು ಪಾಲೆಯಲ್ಲೇ ಇತ್ತು. ಅದರಿಂದ ಹತ್ತು ಹೆಜ್ಜೆ ಆಚೆ ಕಾಯೆರ್ ಮರ, ಕನ್ನಡದವರ ಕಾಸರಕ, ಬುಡದಿಂದ ತುದಿಯವರೆಗೆ ವಿಷ. ಅದರ ಎಲೆಗೆ ಯಾವ ಪ್ರಾಣಿಯೂ ಬಾಯಿ ಹಾಕುವುದಿಲ್ಲ ಎಂದು ಐತಣ್ಣ ತಮ್ಮ ಆಡನ್ನು ಕಟ್ಟುತ್ತಿದ್ದದ್ದೇ ಅದಕ್ಕೆ. ಕತ್ತಲೆಯಲ್ಲಿ ಅವರ ಕೈಗೆ ಸಿಕ್ಕಿದ್ದು ಆಡಿನ ಹಗ್ಗ. ಅಮ್ಮ ಮೊದಲು ನಕ್ಕರು. ಆಮೇಲೆ ಅಲ್ಲೇ ಕೂತುಬಿಟ್ಟರು. ನಾಲ್ಕು ಮನೆ, ಮಕ್ಕಳು ಸೇರಿ...

ನೀವು ಬೈಯಲಿಲ್ಲ. ಆ ತೊಗಟೆಯನ್ನು ಗುಂಡಿ ತೋಡಿ ಹೂತು, ನೀವೇ ಹೋಗಿ ಪಾಲೆಯಿಂದ ಕೆತ್ತಿ ತಂದಿರಿ. ಸೂರ್ಯ ಬಂದ ಮೇಲೆ ತಂದದ್ದರಲ್ಲಿ ಗುಣ ಇಲ್ಲವಂತೆ ಎಂದು ಅಮ್ಮ ಹೇಳಿದಾಗ, “ಗುಣ ಇಲ್ಲದ್ದು ಕುಡಿದರೆ ಬಾಯಿ ಕಹಿ ಆಗ್ತದೆ ಅಷ್ಟೆ” ಎಂದಿರಿ. ಉಳಿದವರಿಗೆ, ಮಳೆಗೆ ತೊಗಟೆ ಕೆಟ್ಟಿತ್ತು, ಹಾಗೆ ತಡವಾಯಿತು ಎಂದಿರಿ. ಐತಣ್ಣ ಅಂಗಳದ ಮೂಲೆಯಲ್ಲಿ ನಿಂತು ನಿಮ್ಮ ಮುಖವನ್ನೇ ನೋಡುತ್ತಿದ್ದರು.

ಆಮೇಲೆ ಒಂದು ಸಂಜೆ ಬೀಡಿ ಎಲೆ, ಹೊಗೆಸೊಪ್ಪಿನ ಹುಡಿ ಇಡುವ ನನ್ನ ತಡ್ಪೆಯ ಅಡಿಯಿಂದ ನೀವು ಒಂದು ಕಾಗದ ಎಳೆದಿರಿ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಳೇ ಕ್ಯಾಲೆಂಡರಿನ ಬೆನ್ನಿಗೆ ನಾನು ನಿಮ್ಮ ಪಾಲೆಯನ್ನು ನೋಡಿ ನೋಡಿ ಗೀಚಿದ್ದು ನಿಮಗೆ ಯಾವಾಗ ಗೊತ್ತಾಯಿತೋ. ನೀವು ಅದನ್ನು ಹೊಗಳಲಿಲ್ಲ. “ಅವ ಕುಡಿಯಬೇಕಾದ್ದನ್ನು ಬರೆದ. ಕುಡಿಯಬಾರದ್ದನ್ನು ಯಾರು ಬರೆಯುದು? ಕಾಯೆರನ್ನು ನೀನು ಬರಿ ಗುಲಾಬಿ. ಕಂಡದ್ದನ್ನು ಹಾಕು, ಚಂದ ಮಾಡ್ಬೇಡ” ಎಂದಿರಿ. ಮೂರು ವಾರ ಹಿಡಿಯಿತು. ಎದುರು ಬದುರು ನಿಂತ ಎರಡೆರಡು ಎಲೆ, ಎಲೆಯ ಉದ್ದಕ್ಕೂ ಓಡುವ ನರ, ಕಿತ್ತಳೆಯ ಹಾಗೆ ದುಂಡಗಿನ ಕಾಯಿ, ಹಾಲಿಲ್ಲದ ತೊಗಟೆ. ಅರಸಿನ ತೇಯ್ದು ಅದರ ಒಳಗಿನ ಹಳದಿ ಹಚ್ಚಿದೆ. ನೀವು ಅದಕ್ಕೂ ಪಾಲೆಗೆ ಹಾಕಿದಂಥದೇ ಮರದ ಕಟ್ಟು ಹಾಕಿ, ಎರಡನ್ನೂ ನಮ್ಮ ಜಗಲಿಯ ಗೋಡೆಯಲ್ಲಿ ಒಂದೇ ಎತ್ತರಕ್ಕೆ ತೂಗು ಹಾಕಿದಿರಿ. ಯಾರಾದರೂ ನೆಂಟರು ಬಂದು ಅದನ್ನು ನೋಡಿದರೆ ನಾನು ಒಳಗೆ ಓಡುತ್ತಿದ್ದೆ. ನಿಮಗೆ ಅದು ತಿಳಿದಿತ್ತು. ಬರೆದವಳು ಯಾರೆಂದು ಹೇಳದೆ “ಇದು ನಮ್ಮ ಊರಿನವರು ಬರೆದದ್ದು” ಎಂದಷ್ಟೇ ಹೇಳುತ್ತಿದ್ದಿರಿ.

ಆ ವರ್ಷದಿಂದ ನೀವು ಇಟ್ಟುಕೊಂಡ ಪದ್ಧತಿ ಈಗ ನಾಲ್ಕು ಮನೆಯ ಮಕ್ಕಳಿಗೂ ಬಾಯಿಪಾಠ. ಅಮಾವಾಸ್ಯೆಯ ಮುಂಚಿನ ದಿನ ಎರಡೂ ಪಟಗಳನ್ನು ಕೊಡೆಯಡಿ ಹಿಡಿದು ಮನೆ ಮನೆಗೆ ಹೋಗಿ ತೋರಿಸುವುದು. ಮರುದಿನ ಕಷಾಯದ ಪಾತ್ರೆಗೆ ಕೆಂಡದಂತೆ ಕಾಯಿಸಿದ ಬಿಳಿಯ ಬೊಳ್ಳುಕಲ್ಲು ಹಾಕಿ ಅದು ಚುಂಯ್ ಎಂದ ಮೇಲೆ, ಮೊದಲ ಲೋಟ ನೀವು ಕುಡಿಯುವುದು. ಕುಡಿದು ಗೋಡೆಗೆ ಒರಗಿ ಹೇಳುತ್ತಿದ್ದಿರಿ, “ಗುಲಾಬಿ, ಒಂದು ಕಟ್ಟು ಬೀಡಿ ಕಟ್ಟು. ಅಷ್ಟು ಹೊತ್ತು ಕಾಯುವ.” ನಾನು ಇಪ್ಪತ್ತೈದು ಬೀಡಿ ಸುತ್ತುವವರೆಗೆ ಯಾರೂ ಲೋಟ ಮುಟ್ಟುವಂತಿಲ್ಲ. ಒಂದು ಸಲ ಅಮ್ಮ ಸಿಟ್ಟಾದರು. “ನೀನೇ ಎಂತಕ್ಕಣ್ಣ ಮೊದಲು?” ನೀವು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪುಂಟು. “ಇದು ಪಾಲೆಯೇ ಅಂತ ಹೇಳಿದವ ನಾನು. ಮತ್ತೆ ಮೊದಲು ಕುಡಿಯುದು ಯಾರು, ನೆರೆಮನೆಯ ಮಕ್ಕಳಾ?”

ನೀವು ಕಷಾಯವನ್ನೇ ನಂಬಿ ಕೂತವರಲ್ಲ. ಮಲೇರಿಯಾದವರು ಮದ್ದು ಹೊಡೆಯಲು ಬಂದಾಗ ಎಲ್ಲರೂ ಬಾಗಿಲು ಹಾಕಿಕೊಂಡರೆ ನೀವು ಪಾತ್ರೆ ಪಗಡೆ ಹೊರಗಿಟ್ಟು ಅವರಿಗೆ ನೀರು ಬೆಲ್ಲ ಕೊಟ್ಟಿರಿ. ನನಗೆ ಚಳಿ ಜ್ವರ ಬಂದಾಗ ಮೂಡಬಿದ್ರೆಯ ಆಸ್ಪತ್ರೆಗೆ ಹೊತ್ತುಕೊಂಡು ಹೋದವರೂ ನೀವೇ. ಎಂಥ ಜ್ವರಕ್ಕೂ ಏನಾದರೊಂದು ಮಾಡುತ್ತಿದ್ದವರು, ಸುಗ್ಗಿ ತಿಂಗಳಲ್ಲಿ ಗಾಜು ಕೊಯ್ಯುತ್ತಾ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದಿರಂತೆ. ಗಾಜು ಒಡೆಯಲಿಲ್ಲ, ತಮ್ಮಲೆ. ಮೆಲ್ಲಗೆ ಕೆಳಗಿಟ್ಟಿದ್ದಿರಿ.

ಈಗ ನಿನ್ನೆಯ ಸಂಗತಿ. ಸಂಜೆ ನಮ್ಮ ಜಗಲಿಯಲ್ಲಿ ನಾಲ್ಕು ಮನೆಯವರೂ ಸೇರಿದ್ದರು. ಐತಣ್ಣನ ಕಣ್ಣಿಗೆ ಪೊರೆ ಬಂದಿದೆ. ಇನ್ನು ತಾವು ಕೆತ್ತುವುದಿಲ್ಲ ಎಂದರು. ಈ ವರ್ಷ ಬಿಟ್ಟುಬಿಡುವ ಎಂದರು ಕೆಲವರು. “ಅಣ್ಣ ಇಲ್ಲ ಅಂತ ಮದ್ದೂ ಇಲ್ಲವಾ?” ಎಂದು ಅಮ್ಮ ಕಣ್ಣು ಒರೆಸಿಕೊಂಡರು. ಐತಣ್ಣನಿಗೆ ಹೊಸ ಅಳಿಯ ಬಂದಿದ್ದಾನೆ, ವಾಸು ಅಂತ, ಕಕ್ಕಿಂಜೆಯವನು. ಅವನು ಎದೆ ಮುಂದೆ ಮಾಡಿ ಹೇಳಿದ, “ಎಂತ ನೀವು, ಘಟ್ಟದ ಬುಡದವರಿಗೆ ಪಾಲೆ ಗೊತ್ತಿಲ್ವಾ? ನಾನು ಆಗಲೇ ನೂಲು ಕಟ್ಟಿ ಬಂದಾಯ್ತು. ಬೆಳಿಗ್ಗೆ ಕೆತ್ತಿ ತರ್ತೇನೆ, ಕುಡಿಯುವ, ಮುಗೀತು.”

ಎಲ್ಲರಿಗೂ ನೆಮ್ಮದಿಯಾಯಿತು. ನನಗೆ ಮಾತ್ರ ಆಗಲಿಲ್ಲ. ಏಕೆಂದರೆ ಸ್ವಲ್ಪ ಮುಂಚೆ ಸೌದೆಗೆ ಹೋದಾಗ ನಾನು ಆ ನೂಲನ್ನು ನೋಡಿದ್ದೆ. ಅದು ಇದ್ದದ್ದು ಕಾಯೆರ್‌ನಲ್ಲಿ. ಎರಡೂ ಮರದ ಗೆಲ್ಲುಗಳು ಈಗ ಎತ್ತರಕ್ಕೆ ಹೋಗಿವೆ, ಬುಡಕ್ಕೆ ಬಳ್ಳಿ ಹಬ್ಬಿದೆ. ಮಳೆಯಲ್ಲಿ ಕೊಡೆ ಹಿಡಿದು ಹೋದವನು ತಲೆ ಎತ್ತಿ ನೋಡಿರಲಿಲ್ಲ. ಯಾರೋ ಮಕ್ಕಳು ಆಟಕ್ಕೆ ಕಟ್ಟಿದ್ದಿರಬೇಕು ಎಂದುಕೊಂಡು ಬಂದಿದ್ದೆ ನಾನು.

ನೀವಿದ್ದಿದ್ದರೆ ನಿಮ್ಮ ಕಿವಿಯಲ್ಲಿ ಹೇಳಿ ಒಳಗೆ ಹೋಗುತ್ತಿದ್ದೆ. ಅಷ್ಟು ಜನ ಗಂಡಸರ ನಡುವೆ, ನೆರೆಮನೆಯ ಹೊಸ ಅಳಿಯನಿಗೆ, ನೀನು ತಪ್ಪಿದ್ದೀ ಎಂದು ಹೇಳುವುದು ಹೇಗೆ? ಕೊನೆಗೆ ಗೋಡೆಯಿಂದ ಎರಡೂ ಪಟ ತೆಗೆದೆ. ನಾನು ಬರೆದದ್ದನ್ನು ಅವನ ಮಡಿಲಲ್ಲಿ ಇಟ್ಟೆ.

“ಇದೆಂತ, ಫೋಟೋ ವ್ಯಾಪಾರವಾ?” ಎಂದ. ಎಲ್ಲರೂ ನಕ್ಕರು.

“ನೀವು ನೂಲು ಕಟ್ಟಿದ್ದು ಇದಕ್ಕೆ,” ಎಂದೆ. ಅಷ್ಟೇ ಬಂದದ್ದು.

“ಹುಡುಗಿಯರು ತೋರಿಸಿದ ಚಿತ್ರ ನೋಡಿ ನಾವು ಮರ ಗುರ್ತ ಮಾಡ್ಬೇಕಾ ಇನ್ನು?”

ಆಗ ಐತಣ್ಣ ಎದ್ದು ನಿಂತರು. ತಮ್ಮಲೆ, ಇದನ್ನು ನೀವು ಕೇಳಬೇಕಿತ್ತು. “ಮಾಡ್ಬೇಕು ಮಾರಾಯ” ಎಂದರು ಅವರು. “ಆ ವರ್ಷ ಮಳೆಗೆ ತೊಗಟೆ ಕೆಟ್ಟದ್ದಲ್ಲ. ನಾನು ಕಾಯೆರ್ ಕೆತ್ತಿ ತಂದಿದ್ದೆ. ಆಡಿನ ಹಗ್ಗ ಮುಟ್ಟಿ ನೂಲು ಅಂತ ಗ್ರಹಿಸಿದೆ. ಅಣ್ಣ ನನ್ನ ಮರ್ಯಾದೆ ಉಳಿಸಿದ್ರು. ಇಷ್ಟು ವರ್ಷ ನಾನು ಬಾಯಿ ಮುಚ್ಚಿಕೊಂಡು ಇದ್ದೆ. ಈಗ ಈ ಹುಡುಗಿಗೆ ನಗ್ತೀರಾ ನೀವು?”

ನೀವು ಮುಚ್ಚಿಟ್ಟದ್ದನ್ನು ಅವರೇ ತೆರೆದ ಮೇಲೆ ನಾನು ಇಲ್ಲಿ ಬರೆದರೆ ತಪ್ಪಿಲ್ಲ ಅಲ್ಲವೇ?

ಕೊಡೆ ಹಿಡಿದು ಎಲ್ಲರೂ ಮರದ ಬಳಿಗೆ ಹೋದೆವು. ವಾಸು ನನ್ನ ಚಿತ್ರವನ್ನು ಒಂದು ಕೈಯಲ್ಲಿ ಹಿಡಿದು, ಕೊಡೆಯನ್ನು ಬದಿಗೆ ಸರಿಸಿ, ಮುಖದ ಮೇಲೆ ಮಳೆ ಬೀಳುತ್ತಿದ್ದ ಹಾಗೆಯೇ ತುಂಬ ಹೊತ್ತು ಮೇಲೆ ನೋಡಿದ. ಎರಡೆರಡು ಎಲೆ. ಆಮೇಲೆ ಪಾಲೆಯ ಕೆಳಗೆ ನಿಂತು ನಿಮ್ಮ ಚಿತ್ರ ಹಿಡಿದು ನೋಡಿದ. ಏಳು, ಆರು, ಏಳು. ಅವನೇ ನೂಲು ಬಿಚ್ಚಿ ತಂದು ನನ್ನ ಕೈಗೆ ಕೊಟ್ಟ. “ನೀವೇ ಕಟ್ಟಿ ಅಕ್ಕ. ಹಗ್ಗ ಯಾವುದು ನೂಲು ಯಾವುದು ಅಂತ ಗೊತ್ತಾಗುವ ಹಾಗೆ ಮೂರು ಗಂಟು ಹಾಕಿ” ಎಂದ. ಐತಣ್ಣ ಅವನ ಬೆನ್ನಿಗೆ ಒಂದು ಗುದ್ದಿದರು. ನನಗಿಂತ ಆರು ವರ್ಷ ದೊಡ್ಡವನು, ನನ್ನನ್ನು ಅಕ್ಕ ಎಂದ!

ಆದರೆ ಹಿಂದೆ ಬರುವಾಗ ಯಾರೋ ಮೆಲ್ಲಗೆ ಕೇಳಿದರು, “ಅದು ಸರಿ, ನಾಳೆ ಮೊದಲು ಕುಡಿಯುದು ಯಾರು?” ನನಗೆ ಉತ್ತರ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ನಿದ್ದೆ ಬರಲಿಲ್ಲ.

ಇವತ್ತು ಬೆಳಿಗ್ಗೆ ವಾಸು ತಂದ ತೊಗಟೆಯನ್ನು ಅಮ್ಮ ದೀಪಕ್ಕೆ ತಿರುಗಿಸಿದರು. ಅಂಚಿನಲ್ಲಿ ಹಾಲು ಕಟ್ಟಿತ್ತು, ನಿಮ್ಮ ಚಿತ್ರದ ಹಾಗೆಯೇ. ಬೆಳ್ಳುಳ್ಳಿ, ಓಮ, ಕರಿಮೆಣಸು ಹಾಕಿ ಅರೆದರು, ಹಿಂಡಿದರು, ಬೊಳ್ಳುಕಲ್ಲು ಚುಂಯ್ ಎಂದಿತು. ಲೋಟಗಳು ಸಾಲಾಗಿ ಕೂತವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾನು ಎದ್ದು ಒಂದು ಲೋಟ ಹಿಡಿದೆ. ಅಮ್ಮ ಅದರ ಇನ್ನೊಂದು ಬದಿ ಹಿಡಿದುಕೊಂಡರು, ಬಿಡಲಿಲ್ಲ.

“ಇದು ಪಾಲೆ ಅಂತ ಹೇಳಿದವಳು ನಾನು ಅಮ್ಮ,” ಎಂದೆ. ಆಮೇಲೆ ಬಿಟ್ಟರು.

ಎಂಥ ಕಹಿ, ತಮ್ಮಲೆ! ನೀವು ಇಷ್ಟು ವರ್ಷ ಮುಖ ಕಿವುಚದೆ ಹೇಗೆ ಕುಡಿದಿರಿ? ಗೋಡೆಗೆ ಒರಗಿ ತಡ್ಪೆ ಮಡಿಲಿಗೆ ಎಳೆದುಕೊಂಡೆ. ಎಲೆ ಕತ್ತರಿಸಿದೆ, ಹುಡಿ ಹಾಕಿದೆ, ಸುತ್ತಿದೆ, ನೂಲು ಬಿಗಿದೆ. ಇಡೀ ಜಗಲಿ ನನ್ನ ಬೆರಳುಗಳನ್ನೇ ನೋಡುತ್ತಿತ್ತು. ಒಂಬತ್ತನೆಯದಕ್ಕೆ ಅಮ್ಮ ಉಸಿರು ಬಿಟ್ಟದ್ದು ಕೇಳಿತು. ಹದಿನಾರನೆಯದಕ್ಕೆ ಒಂದು ಮಗು “ಇನ್ನೆಷ್ಟುಂಟು?” ಎಂದಿತು. ಇಪ್ಪತ್ತೈದನೆಯದರ ತಲೆ ಮಡಚಿ ಕಟ್ಟು ಕಟ್ಟಿದಾಗ ಐತಣ್ಣ ತಡವುತ್ತಾ ಬಂದು ತಮ್ಮ ಲೋಟ ಎತ್ತಿದರು. ಆಮೇಲೆ ಎಲ್ಲರೂ.

ಎರಡೂ ಪಟಗಳನ್ನು ಒರೆಸಿ ಮತ್ತೆ ಒಂದೇ ಎತ್ತರಕ್ಕೆ ಹಾಕಿದ್ದೇನೆ. ಆ ಕಟ್ಟನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಲಿಲ್ಲ. ನೀವು ಸೇದುವವರಲ್ಲ, ಗೊತ್ತು. ಆದರೂ ನಿಮ್ಮ ಪಾಲೆಯ ಕೆಳಗೆ ಇಟ್ಟಿದ್ದೇನೆ. ಬಿಚ್ಚಿ ನೋಡಿ. ಇಪ್ಪತ್ತೈದರಲ್ಲಿ ಒಂದೂ ಸಡಿಲ ಇಲ್ಲ.